ಪಠ್ಯದಲ್ಲಿಲ್ಲದ ಸ್ಕ್ರೂ

ಡೀಸೆಲ್ ಎಂಜಿನ್ನಿನ ಚಿತ್ರದಲ್ಲಿ ಫಿಲ್ಟರಿನ ಮೇಲೊಂದು ಸ್ಕ್ರೂ ಬರೆಯುತ್ತಿದ್ದೆನಲ್ಲ, ಅದು ಪುಸ್ತಕದಲ್ಲಿಲ್ಲವೆಂದು ಸಂತೆಮರಹಳ್ಳಿಯ ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಉತ್ತರ ಈಗ ಹೇಳುತ್ತೇನೆ.

1988ರ ಒಂದು ರಾತ್ರಿ (ಆಗಿನ್ನೂ ನಮ್ಮದು ಮೈಸೂರು ಜಿಲ್ಲೆ) ತಂಗಿಗೆ ಹೆರಿಗೆನೋವು ಕಾಣಿಸಿಕೊಂಡಿತು. ಮೈಸೂರಿಗೆಂದು ಕರೆತಂದ ಬಾಡಿಗೆ ಜೀಪು ಡೀಸೆಲ್ ಮುಗಿದು ಮನೆಯ ಮುಂದೆಯೇ ನಿಂತಿತು. ಕ್ಯಾನಿನಿಂದ ತುಂಬಿಸಿದರೂ ಸ್ಟಾರ್ಟ್ ಆಗಲೊಲ್ಲದು. "ಬ್ಯಾಟರಿ ನೋಡಪ್ಪ" ಎಂದೆ.

"ಬ್ಯಾಟರಿ ಸರ್ಯಾಗದ ಮೇಷ್ಟ್ರೇ, ಎಂಜಿನ್ನು ಜೋರಾಗೇ ತಿರುಗ್ತದ. ಪೈಪಲ್ಲಿ ಗಾಳಿ ಸೇರ್ಕಂಡದ."

ನಾನು ಟಾರ್ಚ್ ಹಿಡಿದೆ. ಅವನು ಆ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತತೊಡಗಿದ. ಮೊದಲು ಬರಿಯ ನೊರೆ. ಒಳಗಿನಿಂದ ತಂಗಿಯ ನರಳಾಟ. ಗಾಳಿಯನ್ನು ಅದುಮಬಹುದು, ದ್ರವವನ್ನು ಅದುಮಲಾಗದು ಎಂದು ವರ್ಷವರ್ಷವೂ ಬೋಧಿಸಿದವನು ನಾನು. ಪಂಪಿನ ಒತ್ತಡವೆಲ್ಲ ಆ ಗಾಳಿಯನ್ನು ಅದುಮುವುದರಲ್ಲೇ ಕಳೆದು, ಇಂಜೆಕ್ಟರಿಗೆ ಡೀಸೆಲ್ ತಲಪದೆಂಬುದು ಹೊಳೆದಿರಲಿಲ್ಲ. ಗುಳ್ಳೆಗಳು ನಿಂತು ಡೀಸೆಲ್ ಹರಿದಾಗ ಸ್ಕ್ರೂ ಬಿಗಿದ. ಮೂರನೆಯ ಸಲಕ್ಕೆ ಎಂಜಿನ್ ಗುಡುಗಿತು.

ನರಸೀಪುರ ದಾಟುವಾಗ ಬೆಳಕು ಹರಿಯಿತು. ಆಸ್ಪತ್ರೆ ಸೇರಿದ ಅರ್ಧ ಗಂಟೆಯಲ್ಲಿ ಹುಟ್ಟಿದ ಸೋದರಸೊಸೆ ಇಂದು ಈ ಬರಹದ ಓದುಗರಲ್ಲೊಬ್ಬಳು. ಬಾಡಿಗೆ ಕೊಡಲು ಹೊರಬಂದರೆ, ಚಾಲಕ ಸೀಟಿನಲ್ಲೇ ನಿದ್ದೆಹೋಗಿದ್ದ.