ಬಾಗಿಲಿನ ಕಣ್ಣು

ಶಹಾಪುರದ ಬೆಟ್ಟವನ್ನು ದೂರದಿಂದ ನೋಡುವವರಿಗೆ ಬುದ್ಧನು ಶಾಂತನಾಗಿ ಮಲಗಿರುವಂತೆ ತೋರುತ್ತದೆ. ಆ ಬೆಟ್ಟ ಕಾಣುವ ಒಂದು ಹೊಸ ಮನೆಯಲ್ಲಿ ಮಾತ್ರ ಚೈತ್ರಮಾಸದ ಒಂದು ಮಧ್ಯಾಹ್ನ ಯಾರಿಗೂ ಶಾಂತಿಯಿರಲಿಲ್ಲ. ಕಾರು ನಿಲ್ಲಿಸುವ ಕೋಣೆಯ ಬಾಗಿಲು ಮುಚ್ಚಲೊಲ್ಲದೆ ಹಠ ಹಿಡಿದಿತ್ತು. ಪರದೇಶದಲ್ಲಿರುವ ಮಗನ ಆಸೆಯಂತೆ ಯಜಮಾನರು ಹಾಕಿಸಿದ್ದ ವಿದ್ಯುತ್ ಬಾಗಿಲು ಅದು. ಗುಂಡಿ ಒತ್ತಿದರೆ ಏರುತ್ತಿತ್ತು. ಇಳಿಯೆಂದರೆ ಒಂದು ಗೇಣು ಇಳಿದು, ಏನನ್ನೋ ಕಂಡು ಬೆದರಿದಂತೆ ಮರಳಿ ಮೇಲೇರುತ್ತಿತ್ತು.

ಸುರಪುರದಿಂದ ಒಬ್ಬ ಹಿರಿಯ ವೈರ್‌ಮನ್ ಬಂದರು. ನಾರಾಯಣಪುರದ ಎಡದಂಡೆ ಕಾಲುವೆಯ ಆಸುಪಾಸಿನ ಹೊಲಗಳಲ್ಲಿ ಪಂಪುಗಳ ಸ್ಟಾರ್ಟರ್ ದುರಸ್ತಿ ಮಾಡುತ್ತಲೇ ತಲೆ ನರೆತವರು ಅವರು. ಸ್ಟಾರ್ಟರಿನೊಳಗೆ ಹಲ್ಲಿ ಸಿಕ್ಕಿ ಸತ್ತಿದ್ದನ್ನೂ, ಇಲಿಯು ತಂತಿಯ ಹೊದಿಕೆಯನ್ನು ಕಡಿದಿದ್ದನ್ನೂ ಎಷ್ಟೋ ಸಲ ಕಂಡಿದ್ದರು. ಇಂತಹ ಬಾಗಿಲನ್ನು ಮಾತ್ರ ಅವರು ಹೆಚ್ಚು ಕಂಡಿರಲಿಲ್ಲ. ಆದುದರಿಂದ ಮೊದಲು ಏನನ್ನೂ ಮುಟ್ಟದೆ, ಕುರ್ಚಿಯೊಂದನ್ನು ತರಿಸಿಕೊಂಡು ಕುಳಿತು, ಬಾಗಿಲು ಏರಿಳಿಯುವುದನ್ನು ಐದಾರು ಸಲ ನೋಡಿದರು.

ಬಾಗಿಲು ಏರುತ್ತದೆಯೆಂದ ಮೇಲೆ ಮೋಟಾರಿಗೆ ಕೇಡಿಲ್ಲ, ಕರೆಂಟಿಗೂ ಕೊರತೆಯಿಲ್ಲ. ಗೋಡೆಯ ಗುಂಡಿಯನ್ನು ಒತ್ತಿಯೇ ಹಿಡಿದರೆ ಕೆಳಗಿನವರೆಗೂ ಇಳಿಯುತ್ತದೆ. ಎಂದರೆ ಗುಂಡಿಯ ತಂತಿಯೂ ನೆಟ್ಟಗಿದೆ. ಉಳಿದದ್ದು ಬಾಗಿಲಿನ ಕಣ್ಣು. ನೆಲದಿಂದ ಅರ್ಧ ಅಡಿಯೊಳಗೆ, ಬಾಗಿಲಿನ ಎರಡು ಬದಿಗಳಲ್ಲಿ ಎರಡು ಪುಟ್ಟ ಡಬ್ಬಿಗಳಿರುತ್ತವೆ. ಒಂದು ಕಣ್ಣಿಗೆ ಕಾಣದ ಕಿರಣವನ್ನು ಕಳುಹಿಸುತ್ತದೆ, ಇನ್ನೊಂದು ಅದನ್ನು ಹಿಡಿಯುತ್ತದೆ. ಬಾಗಿಲು ಇಳಿಯುವಾಗ ಆ ಕಿರಣಕ್ಕೆ ಮಗುವೋ ನಾಯಿಯೋ ಅಡ್ಡ ಬಂದರೆ ಯಂತ್ರವು ಬಾಗಿಲನ್ನು ಹಿಂದಕ್ಕೆ ಎತ್ತುತ್ತದೆ. ಅಮೆರಿಕದಲ್ಲಿ ಇಂತಹ ಬಾಗಿಲುಗಳ ಕೆಳಗೆ ಸಿಲುಕಿ ಮಕ್ಕಳು ಪ್ರಾಣ ಕಳೆದುಕೊಂಡ ಬಳಿಕ, 1993ರಿಂದ ತಯಾರಾಗುವ ಮನೆಬಳಕೆಯ ಯಂತ್ರಗಳಿಗೆಲ್ಲ ಇಂತಹ ರಕ್ಷಣೆಯ ಏರ್ಪಾಡು ಕಡ್ಡಾಯವಾಯಿತು.

ಬಾಗಿಲು ಪಡುವಣಕ್ಕಿತ್ತು. ಇಳಿಬಿಸಿಲು ನೇರವಾಗಿ ಬಿದ್ದರೆ ಇಂತಹ ಕಣ್ಣು ಕುರುಡಾಗುವುದುಂಟು. ಯಜಮಾನರ ಅನುಮಾನವೂ ಅದೇ ಆಗಿತ್ತು. ಯಾದಗಿರಿ ಸೀಮೆಯ ಬಿಸಿಲಿನ ಮೇಲೆ ಯಾವ ಅಪವಾದ ಹೊರಿಸಿದರೂ ನಂಬುವವರಿದ್ದಾರೆ! ವೈರ್‌ಮನ್ನರು ಕೊಡೆ ಬಿಚ್ಚಿ ಡಬ್ಬಿಗೆ ನೆರಳು ಮಾಡಿದರು. ಕಿರಣ ಹಿಡಿಯುವ ಡಬ್ಬಿಯ ದೀಪ ಆಗಲೂ ಹೊತ್ತಲಿಲ್ಲ. ಬಿಸಿಲು ನಿರಪರಾಧಿಯಾಯಿತು.

ಇನ್ನು ಕೆಟ್ಟಿರುವುದು ಕಣ್ಣೋ, ಕಣ್ಣಿನಿಂದ ಮೋಟಾರಿಗೆ ಹೋಗುವ ತಂತಿಯೋ? ಅವರು ಮೇನ್ ಸ್ವಿಚ್ ಆರಿಸಿ, ಎರಡೂ ಡಬ್ಬಿಗಳನ್ನು ಕಳಚಿ, ಏಣಿ ಹತ್ತಿ, ಮೊಳದುದ್ದದ ಹೊಸ ತಂತಿಯಿಂದ ಅವನ್ನು ಮೋಟಾರಿನ ಬಳಿಯೇ ಜೋಡಿಸಿ, ಎದುರುಬದುರಾಗಿ ಹಿಡಿದರು. ಸ್ವಿಚ್ ಹಾಕಿದೊಡನೆ ದೀಪ ಬೆಳಗಿತು. ಬಾಗಿಲು ಸರಾಗವಾಗಿ ಇಳಿದು ಮುಚ್ಚಿತು.

ಯಜಮಾನರ ಮುಖ ಅರಳಿತು. “ಆತಲ್ಲ ಕಾಕಾ! ಹಂಗೇ ಮ್ಯಾಲೇ ಕಟ್ಟಿಬಿಡ್ರಿ. ನಸುಕಿನ್ಯಾಗ ನಾ ಹೈದರಾಬಾದಿಗೆ ಹೋಗಬೇಕು.”

“ಕಟ್ಟಬಹುದ್ರಿ ಸಾವಕಾರ್ರ,” ಎಂದರು ವೈರ್‌ಮನ್ನರು, ಏಣಿಯ ಮೇಲಿಂದಲೇ. “ಇದು ಮ್ಯಾಲ ಕುಂತು ಏನ್ ನೋಡಬೇಕ್ರಿ?”

ಯಜಮಾನರು ಉತ್ತರ ಕೊಡಲಿಲ್ಲ. ಅವರ ನಾಲ್ಕು ವರ್ಷದ ಮೊಮ್ಮಗನು ಆಗ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು ಶೇಂಗಾ ಸುಲಿಯುತ್ತಿದ್ದನು. ಅವನು ದಿನವೆಲ್ಲ ಆಡುವ ಜಾಗವೇ ಅದು. ಹಾಗೆಂದು ಯಜಮಾನರ ಅವಸರವನ್ನು ತೀರ ಹಳಿಯುವಂತಿಲ್ಲ; ಕೆಲಸ ನಡೆಯುತ್ತಿರುವುದನ್ನು ಕಣ್ಣಾರೆ ಕಂಡ ಮೇಲೆ ಮತ್ತೆ ಬಿಚ್ಚಿಸಲು ಯಾರಿಗೆ ತಾನೇ ಮನಸ್ಸು ಬಂದೀತು?

ಸ್ವಿಚ್ ಮತ್ತೆ ಆರಿತು. ಹಳೆಯ ತಂತಿಯ ಎರಡು ಎಳೆಗಳನ್ನು ಒಂದು ತುದಿಯಲ್ಲಿ ಹೊಸೆದು, ಇನ್ನೊಂದು ತುದಿಗೆ ಮೀಟರು ಹಿಡಿದರು. ತಂತಿ ಅಖಂಡವಾಗಿದ್ದರೆ ಮೀಟರು ಕೂಗಬೇಕು. ಬಲಬದಿಯದು ಕೂಗಿತು, ಎಡಬದಿಯದು ಮೌನವಾಗಿತ್ತು. ಎಡಬದಿಯ ತಂತಿಯನ್ನು ಬೆರಳಿನಿಂದ ಸವರುತ್ತ ಬಾಗಿಲಿನ ಮೇಲ್ತುದಿಗೆ ಬಂದಾಗ, ಒಣಗಿದ ಮಾವಿನ ತೋರಣದ ಹಿಂದೆ ಅವರ ಕೈ ನಿಂತಿತು. ಯುಗಾದಿಯ ದಿನ ತೋರಣ ಕಟ್ಟಲು ಹೊಡೆದಿದ್ದ ಮೊಳೆಯು ತಂತಿಯನ್ನೇ ತೂರಿ ಗೋಡೆಗೆ ಇಳಿದಿತ್ತು. ಅಂದು ಎಳೆ ಪೂರ್ತಿಯಾಗಿ ತುಂಡಾಗಿರಲಿಲ್ಲ. ಒಂದೆರಡು ನೂಲುಗಳು ಉಳಿದುಕೊಂಡಿದ್ದವು. ಬಾಗಿಲು ಏರಿಳಿದು ಅದುರಿದಂತೆಲ್ಲ ಅವೂ ಸವೆದು ಹರಿದಿದ್ದವು. ಹೀಗಾಗಿ ಹಬ್ಬದ ದಿನ ನೆಟ್ಟಗಿದ್ದ ಬಾಗಿಲು ಹತ್ತು ದಿನಗಳ ಮೇಲೆ ಕೆಟ್ಟಿತು. ಮೊಳೆಯ ನೆನಪು ಯಾರಿಗೂ ಬರಲಿಲ್ಲ. ಅದನ್ನು ಹೊಡೆದವರು ಯಜಮಾನರೇ.

ಹರಿದಲ್ಲಿ ಬೆಸೆದು ಟೇಪು ಸುತ್ತಿದ್ದರೆ ಹತ್ತು ನಿಮಿಷದ ಕೆಲಸ. ವೈರ್‌ಮನ್ನರು ಹಾಗೆ ಮಾಡದೆ, ಮೋಟಾರಿನಿಂದ ಕಣ್ಣಿನವರೆಗೆ ಹೊಸ ತಂತಿಯನ್ನು ಕೊಳವೆಯೊಳಗೆ ಎಳೆದರು. ಕಣ್ಣುಗಳು ಮೊದಲಿನಂತೆ ನೆಲದ ಬಳಿ ಬಂದು ಕುಳಿತಾಗ ಸಂಜೆಯಾಗಿತ್ತು. ಬಾಗಿಲು ಇಳಿಯತೊಡಗಿದಾಗ ಅವರು ಹುಡುಗನ ಚೆಂಡನ್ನು ಮೆಲ್ಲಗೆ ಅದರ ಕೆಳಗೆ ಉರುಳಿಸಿದರು. ಬಾಗಿಲು ತಡೆದು ನಿಂತು, ಮೇಲಕ್ಕೆ ಸರಿಯಿತು. ಹುಡುಗನು ಚಪ್ಪಾಳೆ ತಟ್ಟಿ, “ಇನ್ನೊಮ್ಮೆ, ಅಜ್ಜಾ!” ಎಂದನು. ಇನ್ನೊಮ್ಮೆ ಉರುಳಿಸಿದರು. ಮೂರನೆಯ ಸಲ ಚೆಂಡು ಉರುಳಿಸಿದವರು ಯಜಮಾನರು.