ತೊಗಲಿನ ಸೀಮೋನನ ಮನಿ

ಅಪೊಸ್ತಲರ ಕೃತ್ಯಗಳಲ್ಲಿ ಒಬ್ಬ ಸೀಮೋನ ಬರುತ್ತಾನೆ. ಯೊಪ್ಪ ಎಂಬ ಊರು, ಸಮುದ್ರದ ದಂಡೆಗೆ ಮನೆ, ತೊಗಲು ಹದ ಮಾಡುವುದು ಕಸುಬು. ಸತ್ತ ದನ ಮುಟ್ಟುವ ಈ ಕೆಲಸವನ್ನು ಆ ಕಾಲದ ಯೆಹೂದ್ಯರೂ ಹೀನವೆಂದೇ ಕಾಣುತ್ತಿದ್ದರು. ಯೇಸುವಿನ ಶಿಷ್ಯ ಪೇತ್ರ ಇಳಿದುಕೊಂಡದ್ದು ಅವನ ಮನೆಯಲ್ಲಿ. ಯಾವ ಮನುಷ್ಯನನ್ನೂ ಮೈಲಿಗೆ ಅನ್ನಬಾರದು ಎಂಬ ದರ್ಶನ ಅವನಿಗೆ ಆದದ್ದು ಅದೇ ಮನೆಯ ಮಾಳಿಗೆ ಮೇಲೆ.

ನಮ್ಮ ನವಲಗುಂದ ಸೀಮೆಯಲ್ಲಿ ಈ ಭಾಗದ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಪೇತ್ರನ ದರ್ಶನದ ಮಾತು ಮುಗಿಯುವುದೇ ಇಲ್ಲ. ಸೀಮೋನನ ಕಸುಬಿನ ಸುದ್ದಿ ಮಾತ್ರ ಇಲ್ಲ. ಪ್ರಾರ್ಥನೆಯೊಳಗೆ ತೊಗಲಿನ ನಾತ ಬರಬಾರದಲ್ಲ!

ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಸಾಲಿ ತೆರೆದರು. ಕಿಟೆಲ್ ಸಾಹೇಬರ ನಿಘಂಟು 1894ರಲ್ಲಿ ಬಂತು. ಕೇರಿಯ ಹುಡುಗನ ಕೈಗೆ ಪಾಟಿ ಕೊಟ್ಟವರನ್ನು ಬೈಯುವುದು ನನ್ನಿಂದಾಗದು. (ಮತಾಂತರ, ಮತಾಂತರ ಎಂದು ಒದರುವವರು ಆ ಪಾಟಿಯನ್ನು ತಾವೇ ಮೊದಲು ಕೊಡಬಹುದಿತ್ತು.) ಆದರೆ ದೀಕ್ಷಾಸ್ನಾನದ ನೀರಿಗೆ ಜಾತಿ ತೊಳೆದು ಹೋಗಲಿಲ್ಲ. ನಮ್ಮ ದೊಡ್ಡಪ್ಪನ ಮಗಳನ್ನು ನೋಡಲು ಪಟ್ಟಣದ ಕ್ರೈಸ್ತ ಮನೆತನವೊಂದು ಬಂದಿತ್ತು. ಚಹಾ ಆದ ಮೇಲೆ ಹಿರಿಯರು ಕೇಳಿದರು, "ಮೂಲದಾಗ ನೀವು ಯಾರ ಪೈಕಿ?" ದೊಡ್ಡವ್ವ ಅಂದಳು, "ನಾವು ಯೇಸುಸ್ವಾಮಿ ಪೈಕಿರೀ." ಆ ಮಂದಿ ತಿರುಗಿ ಬರಲಿಲ್ಲ.

ಸಭೆಯವರು ಜಾತಿ ಕೇಳುತ್ತಾರೆ. ಸರಕಾರ ನಿಮಗೆ ಆ ಜಾತಿಯೇ ಇಲ್ಲ ಅನ್ನುತ್ತದೆ. ಪರಿಶಿಷ್ಟ ಜಾತಿ ಎಂಬುದು ಹಿಂದೂಗಳಿಗೆ ಮಾತ್ರ ಎಂದಿತು 1950ರ ರಾಷ್ಟ್ರಪತಿ ಆದೇಶ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವನು ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ. ಹಿಂದೂ ಚಮ್ಮಾರರಿಗೆ ಸರಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಅವನು ಕ್ರೈಸ್ತ, ಅವನಿಗಿಲ್ಲ. ಮತ ಬಿಟ್ಟ ಮೇಲೂ ಅಷ್ಟೇ ತೀವ್ರವಾದ ಅಸಹಾಯಕತೆ ಉಳಿದಿದೆ ಎಂಬುದಕ್ಕೆ ಪುರಾವೆ ಸಾಲದು ಎಂದು 1985ರಲ್ಲಿ ತೀರ್ಪಾಯಿತು. ಉಳಿ, ಮೊಳೆ, ದಾರ ಅವನ ಮುಂದೆಯೇ ಹರವಿದ್ದವು. ಇನ್ನೆಂಥ ಪುರಾವೆ? ಹೀಗಾಗಿಯೇ ಕೇರಿಯ ಎಷ್ಟೋ ಮಂದಿಗೆ ಎರಡು ಹೆಸರು: ಸಭೆಯೊಳಗೊಂದು, ಕಾಗದದ ಮೇಲೊಂದು.

ಈ ಗಾಯದ ಮೇಲೆ ಬೆರಳಿಟ್ಟು ಮಾತಾಡಿದವರು ಇಲ್ಲವೆಂದಲ್ಲ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೇವಶಾಸ್ತ್ರ ಹೊರಟಿತು. ಯೇಸುವೇ ದಲಿತ ಎಂದರು ಅವರು. ಒಪ್ಪುತ್ತೇನೆ. ಆದರೆ ಆ ಮಾತು ಇಂಗ್ಲಿಷ್ ಪುಸ್ತಕವಾಗಿ ಕಾಲೇಜುಗಳ ಕಪಾಟು ಸೇರಿತು. ನಮ್ಮೂರಿನ ಬಸ್ಸು ಅದಕ್ಕಿನ್ನೂ ಸಿಕ್ಕಿಲ್ಲ. ನಮ್ಮಲ್ಲಿಗೆ ಬರುವವನು ಮೋಟಾರ್ ಸೈಕಲ್ಲಿನ ಪೆಂಟೆಕೋಸ್ಟ್ ಪಾಸ್ಟರು. ಜ್ವರ ಬಂದರೆ ಪ್ರಾರ್ಥನೆ, ಸಾಲವಾದರೂ ಪ್ರಾರ್ಥನೆ. ನನಗೆ ಸಿಟ್ಟು ಬರುತ್ತದೆ. ಆ ಪ್ರಾರ್ಥನೆಯಲ್ಲಿ ಕೂಲಿಯ ಮಾತಿಲ್ಲ, ಭೂಮಿಯ ಮಾತಿಲ್ಲ. ದೊಡ್ಡವ್ವನಿಗೆ ಹೀಗೆಂದರೆ ಅವಳದು ಒಂದೇ ಉತ್ತರ: "ಅಂವ ತಲಿ ಮ್ಯಾಲೆ ಕೈ ಇಡತಾನಪಾ. ನಮ್ಮನ್ಯಾಗ ಕುಂತು ರೊಟ್ಟಿ ತಿಂತಾನ."