ನಾಟಕ ಕಂಪನಿಯ ಜನರೇಟರು

3 ನವೆಂಬರ್ 2024, ರವಿವಾರ

ಕಬ್ಬು ಕಡಿಯುವ ಗ್ಯಾಂಗಿನವರು ಬಂದು ಇಳಿಯುವುದರೊಳಗೆ ಹೊಲದ ಶೆಡ್ಡು ಖಾಲಿಯಾಗಬೇಕಿತ್ತು. ಹುಲ್ಲಿನ ಪೆಂಡಿ, ಹರಿದ ತಾಡಪತ್ರಿ, ಮುರಿದ ಕುಂಟೆ ಎಲ್ಲ ತೆಗೆದ ಮೇಲೆ ಮೂಲೆಯಲ್ಲಿ ದೊಡ್ಡಪ್ಪನ ಜನರೇಟರು ಕಂಡಿತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಹೊಲಕ್ಕೆ ನುಗ್ಗಿದಾಗ ಅಲ್ಲೇ ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಅದರ ಕಡೆ ನೋಡುವ ಪುರುಸೊತ್ತು ಯಾರಿಗಿತ್ತು? ಆ ವರ್ಷ ಗೋಡೆ ನೋಡಬೇಕು, ದನ ನೋಡಬೇಕು, ಕೊಳೆತ ಕಬ್ಬು ನೋಡಬೇಕು.

ಗುಜರಿಯವನು ಬಂದು ಬೀಡಿಗೊಂದು ದರ, ತಾಮ್ರಕ್ಕೊಂದು ದರ ಹೇಳಿದ. ಅಣ್ಣನ ಮಗ ಒಪ್ಪಿಯೂ ಬಿಟ್ಟಿದ್ದ. ದೊಡ್ಡವ್ವ ಹೊರಸಿನ ಮೇಲೆ ಕೂತಲ್ಲಿಂದಲೇ ತಡೆದಳು: "ಒಂದು ಮಳಿಗಾಲದ ಪಗಾರಕ್ಕ ಬಂದ ಕಬ್ಬಣ ಅದು. ಕಿಲೋ ಲೆಕ್ಕದಾಗ ಹಾಕಬ್ಯಾಡ್ರಿ."

ಆ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ದೊಡ್ಡಪ್ಪ ನಾಟಕ ಕಂಪನಿಯೊಂದರಲ್ಲಿ ಜನರೇಟರ್ ನೋಡಿಕೊಳ್ಳುತ್ತಿದ್ದ. ಜಾತ್ರೆ ಬಿಟ್ಟು ಜಾತ್ರೆಗೆ ಕ್ಯಾಂಪು. ಒಂದು ವರ್ಷ ಮಳೆ ಹಿಡಿದು, ಕಲೆಕ್ಷನ್ ಬೀಳದೆ ಕಂಪನಿ ಮುಚ್ಚಿತು. ಮಾಲಕರ ಕೈಯಲ್ಲಿ ರೊಕ್ಕವಿಲ್ಲ. ಒಬ್ಬರಿಗೆ ಪರದೆ, ಒಬ್ಬರಿಗೆ ಹಾರ್ಮೋನಿಯಂ, ದೊಡ್ಡಪ್ಪನಿಗೆ ಇದು. ಲಾರಿ ಬಾಡಿಗೆಯನ್ನೂ ತಾನೇ ತೆತ್ತು ಅನಗವಾಡಿಗೆ ತಂದ.

ಸಂಜೆ ಟ್ರೇಲರಿನಲ್ಲಿ ಮನೆಗೆ ಬಂತು. ಹಿತ್ತಲಿನ ಪತ್ರಾಸಿನ ಶೆಡ್ಡಿನಲ್ಲಿ ನನ್ನ ವೈಸು, ಡ್ರಿಲ್ಲು, ಪಾನಾಗಳ ನಡುವೆ ಜಾಗ ಮಾಡಿದ್ದೇನೆ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರಾಗಿ ಜೀವ ಸವೆಸಿದವನಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೇ?

10 ನವೆಂಬರ್, ರವಿವಾರ

ಕೆಸರು ಕೆರೆದು, ಡೀಸೆಲ್ ಹಚ್ಚಿ ತಿಕ್ಕಿದ ಮೇಲೆ ಪ್ಲೇಟು ಓದಲು ಬಂತು. ಎಂಜಿನ್ನು ಕಿರ್ಲೋಸ್ಕರ್ ಟಿವಿ1. ಒಂದೇ ಸಿಲಿಂಡರು, ನೀರಿನಿಂದ ತಂಪಾಗುವಂಥದ್ದು. ಬೋರ್ 87.5 ಮಿ.ಮೀ., ಸ್ಟ್ರೋಕ್ 110 ಮಿ.ಮೀ., 1500 ಆರ್‌ಪಿಎಂನಲ್ಲಿ 7 ಎಚ್‌ಪಿ. ಆಲ್ಟರ್ನೇಟರು 5 ಕೆವಿಎ, ಸಿಂಗಲ್ ಫೇಸ್. ಅದೂ ಕಿರ್ಲೋಸ್ಕರ್, ಆದರೆ ಬೆಂಗಳೂರಿನದು. ಪುಣೆಯ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಬೆಂಗಳೂರಿನ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಎರಡೂ 1946ರಲ್ಲಿ ಶುರುವಾದವು. ಒಂದೇ ಮನೆತನದ ಎರಡು ಕವಲು ಇಲ್ಲಿ ಒಂದು ಕಪ್ಲಿಂಗಿನಲ್ಲಿ ಕೂಡಿವೆ.

ಆ ಮನೆತನ ನಮ್ಮ ಕಡೆಯದೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆ ಎಂದು ರೈತರು ಮೊದಮೊದಲು ಮುಟ್ಟಲಿಲ್ಲವಂತೆ. 1910ರಲ್ಲಿ ಔಂಧ ಸಂಸ್ಥಾನದ ರಾಜರು ಕೊಟ್ಟ ಬರಡು ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಇಷ್ಟು ನಮ್ಮ ಐಟಿಐ ಮಾಸ್ತರರೇ ಹೇಳುತ್ತಿದ್ದರು. ಅವರು ಹೇಳದೆ ಬಿಟ್ಟದ್ದು ಒಂದಿದೆ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಅದೇ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದವರು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದವರು. ಅಂದರೆ ನಾಟಕವೂ ಎಂಜಿನ್ನೂ ಒಂದೇ ಊರಿನಿಂದ ಹೊರಟು ದೊಡ್ಡಪ್ಪನ ತಂಬುವಿನ ಹಿಂದೆ ಸೇರಿದವು. ಇದನ್ನು ದೊಡ್ಡಪ್ಪನಿಗೆ ಹೇಳಿದ್ದರೆ "ಹೌದೇನು? ಹಂಗಾರ ಪಗಾರ ಯಾಕ ಬರಲಿಲ್ಲ?" ಅಂದಿರುತ್ತಿದ್ದ.

ಡೀಸೆಲ್ ಟ್ಯಾಂಕಿನ ಮೇಲೆ ಅವನದೇ ಕೈಬರಹ ಉಳಿದಿದೆ, ಬಿಳಿ ಆಯಿಲ್ ಪೇಂಟಿನಲ್ಲಿ: "ಯಾರೂ ಕೈ ಹಚ್ಚಬಾರದು." ಅಣ್ಣನ ಮಗ ಪೂರಾ ಉಜ್ಜಿ ಸ್ಪ್ರೇ ಹೊಡೆಸೋಣ ಅನ್ನುತ್ತಾನೆ. ಆಗುವುದಿಲ್ಲ ಅಂದೆ. ಜಂಗು ತೆಗೆಯುವುದು ಬೇರೆ, ಚರ್ಮ ಸುಲಿಯುವುದು ಬೇರೆ. ಟ್ಯಾಂಕಿನ ಒಳಗಡೆ ಮಾತ್ರ ತೊಳೆದೆ.

24 ನವೆಂಬರ್, ರವಿವಾರ

ಪಿಸ್ಟನ್ ಜಾಮ್ ಆಗಿತ್ತು. ನಾಝಲ್ ಬಿಚ್ಚಿದ ತೂತಿನಿಂದ ಡೀಸೆಲ್ ಮತ್ತು ತೆಳು ಎಣ್ಣೆ ಸುರಿದು ಬಿಟ್ಟಿದ್ದೆ. ಇಂಥ ಕೆಲಸದಲ್ಲಿ ಸುತ್ತಿಗೆಗಿಂತ ಕ್ಯಾಲೆಂಡರು ದೊಡ್ಡ ಸಾಧನ. ಇವತ್ತು ಹೆಡ್ಡು ಇಳಿಸಿ, ಪಿಸ್ಟನ್ನಿನ ಮೇಲೆ ಜಾಲಿ ಕಟ್ಟಿಗೆಯ ತುಂಡಿಟ್ಟು ಹಗುರಾಗಿ ಬಡಿದೆವು. ಫ್ಲೈವೀಲು ಒಂದು ಬೆರಳಿನಷ್ಟು ಸರಿಯಿತು. ಅಷ್ಟಾದ ಮೇಲೆ ಉಳಿದದ್ದು ಬರೀ ತಾಳ್ಮೆ.

ಲೈನರಿನಲ್ಲಿ ನೀರು ನಿಂತ ಮಟ್ಟಕ್ಕೆ ಸುತ್ತಲೂ ಗುಳಿ ಬಿದ್ದಿದೆ, ಉಗುರು ಸಿಕ್ಕಿಕೊಳ್ಳುತ್ತದೆ. ಹೋನ್ ಮಾಡಿದರೂ ಹೋಗುವಂಥದ್ದಲ್ಲ. ಲೈನರ್, ಪಿಸ್ಟನ್, ರಿಂಗಿನ ಸೆಟ್ಟು ಬಾಗಲಕೋಟೆಯಲ್ಲಿ ಸಿಕ್ಕಿತು. ಈ ಜಾತಿಯ ಎಂಜಿನ್ನಿನ ದೊಡ್ಡ ಗುಣ ಇದು. ಹೊಳೆದಂಡೆಯ ಪಂಪಿಗೆ, ಬೆಲ್ಲದ ಗಾಣಕ್ಕೆ, ಹಿಟ್ಟಿನ ಗಿರಣಿಗೆ ಎಲ್ಲ ಕಡೆ ದುಡಿದಿರುವುದರಿಂದ ಸಾಮಾನು ಇನ್ನೂ ಅಂಗಡಿಯಲ್ಲಿದೆ. ಮಹಾಲಿಂಗಪುರದ ಪೇಟೆಗೆ ಹೋದ ಬೆಲ್ಲದಲ್ಲಿ ಒಂದು ಕಾಲಕ್ಕೆ ಡೀಸೆಲ್ ಎಂಜಿನ್ನಿನ ಬೆವರೂ ಇತ್ತು.

ನಾಝಲ್ಲನ್ನು ಡೀಸೆಲ್ ಲ್ಯಾಬಿಗೆ ಒಯ್ದೆ. ಅದರ ಸೂಜಿ ಮತ್ತು ಬಾಡಿಯ ನಡುವಿನ ಸಂದು ಎರಡು ಮೂರು ಮೈಕ್ರಾನು. ತಲೆಗೂದಲು ಅದಕ್ಕಿಂತ ಇಪ್ಪತ್ತು ಪಾಲಾದರೂ ದಪ್ಪ. ನದಿಯ ಕೆಸರು ಕುಡಿದ ಮೇಲೆ ಅಂಥದ್ದು ಉಳಿದೀತೇ? ಪರೀಕ್ಷೆಯ ಪಂಪಿಗೆ ಹಚ್ಚಿದಾಗ ಮಂಜಿನಂತೆ ಸಿಡಿಯಬೇಕಾದ ಡೀಸೆಲ್ ತೊಟ್ಟಿಕ್ಕಿತು. ಹೊಸದೇ ಹಾಕಿಸಿದೆ. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಶುರುವಾಗಿ ಸ್ಪಾರ್ಕ್ ಪ್ಲಗ್ಗು, ಪಂಪು, ನಾಝಲ್ಲು ಇಲ್ಲೇ ಮಾಡದಿದ್ದರೆ ಹಳ್ಳಿಗೆ ಎಂಜಿನ್ನು ಇಷ್ಟು ಬೇಗ ಬರುತ್ತಿರಲಿಲ್ಲ. ಈಗ ಕಂಪನಿಯ ಹೆಸರು ಬಾಷ್ ಆಗಿದ್ದರೂ ಲ್ಯಾಬಿನವರ ಬಾಯಲ್ಲಿ ಇನ್ನೂ "ಮೈಕೋ".

8 ಡಿಸೆಂಬರ್, ರವಿವಾರ

ಎಂಜಿನ್ನು ಸುಲಭ, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ಹತ್ತುತ್ತದೆ. ಆಲ್ಟರ್ನೇಟರಿನ ರೋಗ ಒಳಗಿನದು. ವೈಂಡಿಂಗಿನ ಸಂದುಗೊಂದುಗಳಲ್ಲಿ ಒಣಗಿದ ರೇವೆ. ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಚ್ಚಿದರೆ ಮುಳ್ಳು ಸೊನ್ನೆಯ ಹತ್ತಿರವೇ ಮಲಗುತ್ತಿತ್ತು. ಕನಿಷ್ಠ ಒಂದು ಮೆಗಾ ಓಮ್ ಆದರೂ ಬರಬೇಕು.

ಜಮಖಂಡಿ ಮೇಲೆ ಹಾಯ್ದು ಬನಹಟ್ಟಿಗೆ ಹೋದೆ. ರಬಕವಿ-ಬನಹಟ್ಟಿ ಅಂದರೆ ಪಾವರ್‌ಲೂಮು, ಮಗ್ಗಕ್ಕೊಂದು ಮೋಟರು, ಆದ್ದರಿಂದ ರಿವೈಂಡಿಂಗ್ ಬಲ್ಲ ಕೈಗಳೂ ಅಲ್ಲಿ ಹೆಚ್ಚು. ಒಬ್ಬ ಹಳಬರು ವೈಂಡಿಂಗಿನ ಮೇಲೆ ಬೆರಳಾಡಿಸಿ, ಮೂಸಿ ನೋಡಿ ಹೇಳಿದರು: "ಸುಟ್ಟಿಲ್ರಿ ಇದು. ತೊಯ್ದೈತಿ ಅಷ್ಟ. ಬಿಚ್ಚಿದ್ರ ನನಗ ರೊಕ್ಕ, ಬಿಚ್ಚದಿದ್ರ ನಿಮಗ ವೈಂಡಿಂಗ್. ಮೊದಲ ಒಣಗಿಸಿ ನೋಡ್ರಿ."

ಬರುವ ಗಿರಾಕಿಯನ್ನು ಹೀಗೆ ವಾಪಸು ಕಳಿಸುವವರ ಕಾಲಿಗೆ ಬೀಳಬೇಕು.

ಬೆಚ್ಚನೆಯ ನೀರಿನಲ್ಲಿ ರೇವೆ ತೊಳೆದು, ತಗಡಿನ ಪೆಟ್ಟಿಗೆಯೊಳಗಿಟ್ಟು, ಕೆಳಗೆ ದೊಡ್ಡ ಬಲ್ಬುಗಳನ್ನು ಹಗಲೂ ರಾತ್ರಿ ಉರಿಸಿದ್ದಾಯಿತು. ಮನೆಯಾಕೆ ಬಂದು ನೋಡಿ, "ಮರಿ ಮಾಡಸ್ತೀರೇನ್ರೀ ಇದರಾಗ?" ಅಂದಳು. ಮೆಗ್ಗರಿನ ಮುಳ್ಳು ಮೊದಲು ಇನ್ನೂ ಕೆಳಗಿಳಿಯಿತು. ಒಳಗಿನ ತೇವ ಬಿಸಿಯಾಗಿ ಹೊರಬರುವಾಗ ಹಾಗೇ ಆಗುವುದು. ಆಮೇಲೆ ಏರಲು ಹತ್ತಿತು, ಒಂದು ದಾಟಿ, ಐದು ದಾಟಿ. ವಾರ್ನಿಶ್ ಸುರಿದು ಮತ್ತೆ ಬೇಯಿಸಿದೆ. ಸ್ಲಿಪ್ ರಿಂಗುಗಳಿಗೆ ಸಣ್ಣ ಪಾಲಿಶ್ ಕಾಗದ, ಹೊಸ ಕಾರ್ಬನ್ನು. ರೆಕ್ಟಿಫೈಯರಿನ ಡಯೋಡು ಸತ್ತಿದ್ದವು, ಬದಲಾಯಿಸಿದೆ.

22 ಡಿಸೆಂಬರ್, ರವಿವಾರ

ಹೆಡ್ಡು ಕಾಯಂ ಕೂರಿಸುವ ಮೊದಲು ಪಿಸ್ಟನ್ನಿನ ತಲೆಯ ಮೇಲೆ ಸೀಸದ ತಂತಿಯಿಟ್ಟು, ಹೆಡ್ಡನ್ನು ಒಮ್ಮೆ ಬಿಗಿದು ತಿರುಗಿಸಿ, ಎಷ್ಟು ಚಪ್ಪಟೆಯಾಯಿತೆಂದು ಅಳೆದದ್ದಾಯಿತು. ಡೀಸೆಲ್ ಎಂಜಿನ್ನಿನ ಪ್ರಾಣವೆಲ್ಲ ಆ ಸಂದಿನಲ್ಲಿದೆ. ಕಿಡಿ ಕೊಡುವ ಪ್ಲಗ್ಗು ಇದಕ್ಕಿಲ್ಲ. ಗಾಳಿಯನ್ನು ಹದಿನೇಳನೇ ಒಂದು ಪಾಲಿಗೆ ಅಮುಕಿದಾಗ ಅದು ಐನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಆಗ ನಾಝಲ್ಲು ಡೀಸೆಲ್ ಸಿಡಿಸಬೇಕು. ಮೇಲೆ ಸಂದು ಹೆಚ್ಚಾದರೆ ಗಾಳಿ ಕಾಯುವುದಿಲ್ಲ, ಕಡಿಮೆಯಾದರೆ ಪಿಸ್ಟನ್ನು ಹೆಡ್ಡಿಗೆ ಬಡಿಯುತ್ತದೆ.

ಪೈಪಿನ ಏರ್ ತೆಗೆದು, ಡಿಕಂಪ್ರೆಶನ್ ಲಿವರ್ ಎತ್ತಿ, ಅಣ್ಣನ ಮಗ ಹ್ಯಾಂಡಲ್ ಹೊಡೆದ. ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಇಡು ಎಂದು ಮೊದಲೇ ಕಲಿಸಿದ್ದೆ. ಎಂಜಿನ್ನು ಹಿಂದಕ್ಕೆ ಒದ್ದರೆ ಹ್ಯಾಂಡಲಿಗೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ವೇಗ ಬಂದಾಗ ಲಿವರ್ ಬಿಟ್ಟೆ. ಬಿಳಿ ಹೊಗೆ, ಒಂದು ಕೆಮ್ಮು, ಮತ್ತೊಂದು, ಆಮೇಲೆ ಹಿಡಿಯಿತು. ಓಣಿಯ ನಾಯಿಗಳೆಲ್ಲ ಒಮ್ಮೆಲೇ ಎದ್ದವು.

ಆದರೆ ಕರೆಂಟು ಇಲ್ಲ. ಮೀಟರಿನಲ್ಲಿ ಮೂರು ನಾಲ್ಕು ವೋಲ್ಟು ಅಷ್ಟೇ. ಇದು ನಿರೀಕ್ಷಿಸಿದ್ದೇ. ಆಲ್ಟರ್ನೇಟರು ತನ್ನ ಕಬ್ಬಿಣದಲ್ಲಿ ಉಳಿದ ಚೂರು ಅಯಸ್ಕಾಂತ ಶಕ್ತಿಯಿಂದಲೇ ಶುರುಮಾಡಿಕೊಳ್ಳಬೇಕು. ವರ್ಷಗಟ್ಟಲೆ ಬಿದ್ದ ಮೇಲೆ ಅದು ಇಂಗಿಹೋಗಿರುತ್ತದೆ. ಟ್ರ್ಯಾಕ್ಟರಿನ 12 ವೋಲ್ಟಿನ ಬ್ಯಾಟರಿಯಿಂದ ಪ್ಲಸ್ಸು ಮೈನಸ್ಸು ನೋಡಿ ಕಾರ್ಬನ್ನುಗಳಿಗೆ ಒಂದು ಕ್ಷಣ ಮುಟ್ಟಿಸಿದೆ. ಮುಳ್ಳು ಜಿಗಿದು 230ರ ಆಚೆ ನಿಂತಿತು. ಎಂಜಿನ್ನಿನ ದನಿಯೂ ಕೂಡಲೇ ಚೂರು ದಪ್ಪವಾಯಿತು.

ದೊಡ್ಡವ್ವ ಬಾಗಿಲಿಗೆ ಬಂದು ನಿಂತು ನೋಡಿದಳು. "ಹೊಗಿ ಭಾಳ ಬಿಡ್ತೈತಿ" ಅಂದು ಒಳಗೆ ಹೋದಳು.

30 ಡಿಸೆಂಬರ್, ಸೋಮವಾರ

ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಬಂದೆವು. ಪಾನಾ ಮುಟ್ಟಲಿಲ್ಲ.

5 ಜನವರಿ 2025, ರವಿವಾರ

ಲೋಡ್ ಪರೀಕ್ಷೆ. ಹಲಗೆಯ ಮೇಲೆ ಬಲ್ಬು, ಹ್ಯಾಲೋಜನ್ನು, ನೀರು ಕಾಸುವ ಕಾಯಿಲ್ ಜೋಡಿಸಿ ಒಂದೊಂದೇ ಸ್ವಿಚ್ಚು ಹಾಕುತ್ತ ಹೋದೆ. ಖಾಲಿ ಇದ್ದಾಗ 52 ಸೈಕಲ್, ನಾಲ್ಕು ಕಿಲೋವ್ಯಾಟಿಗೆ ಏರಿದಾಗ, ಅಂದರೆ 17 ಆಂಪಿನ ಹತ್ತಿರ, 50ಕ್ಕೆ ಇಳಿದು ನಿಂತಿತು. ಗವರ್ನರ್ ಸರಿಯಿದೆ. ನಾಲ್ಕು ಪೋಲಿನ ಆಲ್ಟರ್ನೇಟರು, ಒಂದು ಸುತ್ತಿಗೆ ಎರಡು ಸೈಕಲ್. ಸೆಕೆಂಡಿಗೆ ಇಪ್ಪತ್ತೈದು ಸುತ್ತು ಬಂದರೆ ಐವತ್ತು. ದೊಡ್ಡಪ್ಪನಿಗೆ ಮೀಟರ್ ಇರಲಿಲ್ಲ. ಒಂದು ಬಲ್ಬನ್ನು ಕಣ್ಣ ಮುಂದೆ ತೂಗುಹಾಕಿಕೊಂಡು ಅದರ ಬಣ್ಣ ನೋಡಿಯೇ ವೋಲ್ಟು ಹೇಳುತ್ತಿದ್ದ.

ಇವತ್ತು ಹತ್ತಿರ ನಿಂತು ಕೇಳಿದಾಗ ಒಂದು ಮಾತು ತಿಳಿಯಿತು. ಬನಶಂಕರಿ ಜಾತ್ರೆಗೆ ನಾನು ಹುಡುಗನಾಗಿ ಹೋದಾಗ ಅವನು ತಂಬುವಿನ ಹಿಂದೆ, ಎಂಜಿನ್ನಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಸಾಲಾಗಿ ಕಂಪನಿಗಳು, ರಾತ್ರಿಯೆಲ್ಲ ಆಟ. ನಾಟಕ ಯಾವುದೆಂದು ಕೇಳಿದರೆ ಹೇಳುತ್ತಿದ್ದ, ಈಗ ಯಾವ ಸೀನು ಎಂದೂ ಹೇಳುತ್ತಿದ್ದ. ಒಳಗೆ ಒಮ್ಮೆಯೂ ಇಣುಕಿದ್ದನ್ನು ನಾನು ಕಾಣೆ. ಮಾತು ಕೇಳಿಸುತ್ತಿತ್ತೇನೋ ಎಂದುಕೊಂಡಿದ್ದೆ. ಈ ಎಂಜಿನ್ನಿನ ಪಕ್ಕ ನಿಂತರೆ ಮಗ್ಗುಲಲ್ಲಿರುವವನ ಮಾತೂ ಕೇಳುವುದಿಲ್ಲ! ಅವನು ಕೇಳಿಸಿಕೊಂಡದ್ದು ಲೋಡನ್ನು. ದರ್ಬಾರಿನ ಸೀನಿಗೆ ಎಲ್ಲ ದೀಪ ಹತ್ತಿದಾಗ ಎಂಜಿನ್ನು ಒಮ್ಮೆ ಕುಗ್ಗಿ, ಕರಿ ಹೊಗೆ ಉಗುಳಿ, ದನಿ ಆಳಕ್ಕಿಳಿಯುತ್ತದೆ. ಕತ್ತಲು ಮಾಡಿದರೆ ಹಗುರಾಗಿ ಮೇಲಕ್ಕೇಳುತ್ತದೆ. ಆಗ ಉಪ್ಪು ನೀರಿನ ಡಿಮ್ಮರು. ಮಡಕೆಯ ಉಪ್ಪು ನೀರಿನಲ್ಲಿ ತಗಡಿನ ಪಟ್ಟಿಯನ್ನು ಮೆಲ್ಲಗೆ ಇಳಿಸಿದಂತೆ ದೀಪ ಏರುವುದು. ಅದರ ಜೊತೆಗೆ ಎಂಜಿನ್ನಿನ ದನಿಯೂ ಮೆಲ್ಲಗೆ ಇಳಿಯುವುದು. ತಾಯಿ ಸಾಯುವ ಸೀನಿನಲ್ಲಿ ಪಟ್ಟಿ ಮೇಲೆತ್ತಿದಂತೆ ಬೆಳಕು ಸಣ್ಣದಾಗುತ್ತ ಹೋಗುವಾಗ ಎಂಜಿನ್ನು ನಿಟ್ಟುಸಿರು ಬಿಟ್ಟು ಓಡುತ್ತಿದ್ದಿರಬೇಕು.

ಸೂಳೇಬಾವಿಯ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ದೊಡ್ಡಪ್ಪನ ಕಂಪನಿಗೆ ಅನ್ನ ಹಾಕಿದ ನಾಟಕ. ಅದು 1974ರಲ್ಲಿ ಸಿನಿಮಾ ಆದಾಗ ದೊಡ್ಡಪ್ಪ ಬಾಗಲಕೋಟೆಗೆ ಹೋಗಿ ಟಿಕೀಟು ತೆಗೆಸಿ ನೋಡಿ ಬಂದನಂತೆ. "ಅದರಾಗ ಮುಖ ಬ್ಯಾರೆ ಇದ್ದವು" ಅಂದನೆಂದು ದೊಡ್ಡವ್ವ ಇವತ್ತೂ ನಗುತ್ತಾಳೆ. ಯಾವ ಮುಖಗಳಿಗೆ ಹೋಲಿಸಿ ಹಾಗಂದನೋ! ತಂಬುವಿನೊಳಗೆ ಕಾಲಿಟ್ಟವನಲ್ಲ. ಊಟದ ಪಂಕ್ತಿಯಲ್ಲಿ ಬಣ್ಣ ಒರೆಸಿಕೊಂಡು ಕೂತ ಮುಖಗಳೇ ಅವನಿಗೆ ಪಾತ್ರಗಳಾಗಿದ್ದವೋ ಏನೋ.

12 ಜನವರಿ, ರವಿವಾರ

ನಾಳೆ ಬನದ ಹುಣ್ಣಿಮೆ, ಬನಶಂಕರಿಯಲ್ಲಿ ತೇರು. ಅಣ್ಣನ ಮಗ ಜಾತ್ರೆಗೆ ಹೊರಟವರ ನಡುವೆ ಜನರೇಟರಿನ ಸುದ್ದಿ ಹಬ್ಬಿಸಿಬಿಟ್ಟಿದ್ದಾನೆ. "ಕಾಕಾ, ಮದವಿ ಸೀಜನ್ ಬರಾಕತ್ತೈತಿ. ಬಾಡಿಗಿಗೆ ಬಿಡೂಣು." ದೊಡ್ಡವ್ವ, "ರೊಕ್ಕ ಮೊದಲ ಇಸಗೊಂಡು ಚಾಲೂ ಮಾಡ್ರಿ" ಅಂದಳು. ನನ್ನ ತಕರಾರು ಬಾಡಿಗೆಯದಲ್ಲ.

ಮೊನ್ನೆ ಅವನು ಹೆಸ್ಕಾಂ ಕರೆಂಟು ಹೋದಾಗ ಜನರೇಟರಿನ ವೈರನ್ನು ಮನೆಯ ಪ್ಲಗ್ಗಿಗೇ ಚುಚ್ಚಲು ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ. ಮೇನ್ ಸ್ವಿಚ್ಚು ತೆಗೆಯದಿದ್ದರೆ ಆ ಕರೆಂಟು ಹಿಂದಕ್ಕೆ ಕಂಬಕ್ಕೆ ಹೋಗುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ. ಮನೆಗೆ ಇಳಿಸಿ ಕೊಡುವ ಅದೇ ಟ್ರಾನ್ಸ್‌ಫಾರ್ಮರು ಹಿಂದಿನಿಂದ ಬಂದದ್ದನ್ನು 11,000 ವೋಲ್ಟಿಗೆ ಏರಿಸಬಲ್ಲದು. ಲೈನು ಬಂದ್ ಇದೆಯೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಯಾರ ಮನೆಯ ಮಗನೋ. ಇದನ್ನು ಕಾರ್ಖಾನೆಯಲ್ಲಿ ಹೊಸ ಹುಡುಗರಿಗೆ ನಾನು ಬೈದೇ ಹೇಳುತ್ತಿದ್ದೆ. ಅವನಿಗೂ ಬೈದೇ ಹೇಳಿದೆ.

ಚೇಂಜ್‌ಓವರ್ ಸ್ವಿಚ್ಚು ತಂದಾಗಿದೆ: ಹ್ಯಾಂಡಲ್ ಮೇಲಿದ್ದರೆ ಹೆಸ್ಕಾಂ, ಕೆಳಗಿದ್ದರೆ ಜನರೇಟರು, ಎರಡೂ ಒಟ್ಟಿಗೆ ಆಗುವುದು ಸಾಧ್ಯವೇ ಇಲ್ಲ. ಅದು ಗೋಡೆಗೆ ಕೂತು, ಅರ್ಥಿಂಗ್ ಗುಂಡಿಯಾಗುವವರೆಗೆ ಬಾಡಿಗೆಯ ಮಾತು ಬೇಡ ಅಂದೆ. ಇದ್ದಲು, ಉಪ್ಪು ತಂದಿಟ್ಟಿದ್ದೇನೆ. ಗುಂಡಿ ಆಳಕ್ಕೇ ಹೋಗಬೇಕು, ಎರಿ ಮಣ್ಣು ಒಣಗಿ ಕಲ್ಲಾಗಿದೆ. ಗುದ್ದಲಿ ಹಿಡಿಯುವವನು ಅವನೇ. ಜಾತ್ರೆಯಿಂದ ಬಂದ ಮರುದಿನವೇ ಎಂದು ಮಾತು ತಗೊಂಡಿದ್ದೇನೆ.